ವೇದಿಕೆ ಇಳಿದ ಮೇಲೆ ಯಾರ ಮನೆಗೆ?

ನಮ್ಮ ಕರಾವಳಿಯ ಕಾಲೇಜು, ವಿಶ್ವವಿದ್ಯಾನಿಲಯಗಳಲ್ಲಿ ‘ಅಂತಾರಾಷ್ಟ್ರೀಯ ದಿನ’ ಎಂಬ ಕಾರ್ಯಕ್ರಮ ಈಗ ಹೊಸತೇನಲ್ಲ. ಸಭಾಂಗಣದ ತುಂಬ ಹತ್ತಾರು ದೇಶಗಳ ಧ್ವಜಗಳು, ಹೊರಗೆ ಶಾಮಿಯಾನದ ಅಡಿಯಲ್ಲಿ ದೇಶಕ್ಕೊಂದರಂತೆ ತಿಂಡಿಯ ಮಳಿಗೆ, ವೇದಿಕೆಯ ಮೇಲೆ ಒಂದರ ಹಿಂದೊಂದು ನೃತ್ಯ. ನೇಪಾಳದ ಟೋಪಿ, ಆಫ್ರಿಕಾದ ಬಣ್ಣದ ಬಟ್ಟೆ, ನಮ್ಮ ಮಕ್ಕಳ ಯಕ್ಷಗಾನದ ಕಿರೀಟ ಒಂದೇ ಫೋಟೋದಲ್ಲಿ ಸೇರುತ್ತವೆ. ಮರುದಿನ ಪತ್ರಿಕೆಯಲ್ಲಿ ಆ ಫೋಟೋ ಬರುತ್ತದೆ. ನೋಡಿದವರಿಗೆ ಸಂತೋಷವಾಗುತ್ತದೆ. ಆಗಲೇಬೇಕು.

ಕೆಲವು ವರ್ಷಗಳ ಹಿಂದೆ ಅಂತಹ ಒಂದು ಕಾರ್ಯಕ್ರಮಕ್ಕೆ ನಾನೂ ಅತಿಥಿಯಾಗಿ ಹೋಗಿದ್ದೆ. ಜಗತ್ತೆಲ್ಲ ಒಂದೇ ಕುಟುಂಬ ಎಂದು ಭಾಷಣ ಮಾಡಿ, ಚಪ್ಪಾಳೆ ಪಡೆದು ಕೆಳಗಿಳಿದೆ. ಊಟದ ಸಾಲಿನಲ್ಲಿ ನಿಂತಿದ್ದಾಗ ಆಫ್ರಿಕಾದ ಒಬ್ಬ ವಿದ್ಯಾರ್ಥಿ ಹತ್ತಿರ ಬಂದ. ಸ್ವಲ್ಪ ಹೊತ್ತಿನ ಮುಂಚೆ ವೇದಿಕೆಯಲ್ಲಿ ಡೋಲು ಬಾರಿಸಿ ಎಲ್ಲರನ್ನೂ ಕುಣಿಸಿದ್ದವನು ಅವನೇ. “ಫಾದರ್, ನಿಮಗೆ ಇಲ್ಲಿ ಬಹಳ ಜನರ ಪರಿಚಯ ಇರಬಹುದು. ನನಗೊಂದು ಕೋಣೆ ಸಿಗುವ ಹಾಗೆ ಮಾಡುತ್ತೀರಾ?” ಎಂದು ಕೇಳಿದ. ಐದು ಮನೆ ನೋಡಿ ಆಗಿತ್ತಂತೆ. ಫೋನಿನಲ್ಲಿ ‘ಬನ್ನಿ’ ಎನ್ನುತ್ತಾರೆ, ಮುಖ ನೋಡಿದ ಕೂಡಲೇ ‘ಬೇರೆಯವರಿಗೆ ಕೊಟ್ಟಾಯಿತು’ ಎನ್ನುತ್ತಾರೆ.

ನಾನು ಹಿಂದೆ ಸೇವೆ ಸಲ್ಲಿಸಿದ ಧರ್ಮಕೇಂದ್ರದ ಒಂದು ಕುಟುಂಬಕ್ಕೆ ಅಲ್ಲಿಂದಲೇ ಫೋನ್ ಮಾಡಿದೆ. ಅವರ ಮನೆಯ ಮಹಡಿ ಖಾಲಿ ಇತ್ತು. ಮಗ ಐರ್ಲೆಂಡಿನಲ್ಲಿ, ಮಗಳು ಕೆನಡಾದಲ್ಲಿ. ಡಬ್ಲಿನ್‌ನಲ್ಲಿ ಮನೆ ಸಿಗದೆ ಮಗ ಪಟ್ಟ ಪಾಡನ್ನು ಆ ತಾಯಿ ಕಣ್ಣೀರಿಟ್ಟು ನನಗೆ ಹೇಳಿದ್ದರು. “ಫಾದರ್, ನಮಗೇನೂ ಇಲ್ಲ. ಆದರೆ ಅಕ್ಕಪಕ್ಕದವರು ಏನು ಹೇಳುತ್ತಾರೋ... ಬೇರೆ ಯಾರಾದರೂ ಇದ್ದರೆ ಹೇಳಿ” ಎಂದರು. ಇನ್ನೊಂದು ಮನೆಗೆ ಕೇಳಿದೆ, ಅಲ್ಲೂ ಅದೇ ಉತ್ತರ. ಎರಡು ಫೋನ್ ಮಾಡಿ ನಾನೂ ಸುಮ್ಮನಾದೆ. ಜಗತ್ತೆಲ್ಲ ಒಂದೇ ಕುಟುಂಬ ಎಂದು ಹೇಳಿ ಇನ್ನೂ ಒಂದು ಗಂಟೆ ಆಗಿರಲಿಲ್ಲ.

ಈ ಲೇಖನದ ಪ್ರಶ್ನೆ ಅಲ್ಲಿಂದ ಹುಟ್ಟಿದ್ದು. ವಿಶ್ವವಿದ್ಯಾನಿಲಯಗಳಲ್ಲಿ ನಡೆಯುವ ಈ ಅಂತಾರಾಷ್ಟ್ರೀಯ, ಅಂತರ್‌ಸಾಂಸ್ಕೃತಿಕ ಕಾರ್ಯಕ್ರಮಗಳಿಂದ ನಿಜವಾಗಿ ಏನಾಗುತ್ತದೆ? ಏನಾಗುವುದಿಲ್ಲ? ಕ್ಯಾಂಪಸ್ಸಿನ ಗೇಟಿನಿಂದ ಹೊರಗಿರುವ ನಮಗೆ ಇದರಲ್ಲಿ ಪಾಲು ಇದೆಯೇ?

ಕಾರ್ಯಕ್ರಮಗಳು ಹೆಚ್ಚಲು ಕಾರಣವೇನು?

ವಿದೇಶಿ ವಿದ್ಯಾರ್ಥಿಗಳು ನಮ್ಮ ದೇಶಕ್ಕೆ ಬರುವುದು ಹಳೆಯ ಸಂಗತಿ. ಮೌಲಾನಾ ಅಬುಲ್ ಕಲಾಂ ಆಜಾದ್ ಅವರು 1950ರಲ್ಲಿ ಸ್ಥಾಪಿಸಿದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಹಲವು ದಶಕಗಳಿಂದ ಏಷ್ಯಾ, ಆಫ್ರಿಕಾ ದೇಶಗಳ ಯುವಜನರಿಗೆ ವಿದ್ಯಾರ್ಥಿವೇತನ ಕೊಟ್ಟು ಇಲ್ಲಿ ಓದಿಸುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಸರ್ಕಾರ ಇದಕ್ಕೆ ಇನ್ನಷ್ಟು ಒತ್ತು ಕೊಟ್ಟಿದೆ. 2018ರಲ್ಲಿ ‘ಸ್ಟಡಿ ಇನ್ ಇಂಡಿಯಾ’ ಯೋಜನೆ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ವಿದೇಶಿ ವಿದ್ಯಾರ್ಥಿಗಳಿರುವ ಪ್ರತಿಯೊಂದು ಸಂಸ್ಥೆಯಲ್ಲೂ ಅವರಿಗಾಗಿ ಒಂದು ಕಚೇರಿ ಇರಬೇಕೆಂದಿತು. ಇರುವ ಸೀಟುಗಳ ಮೇಲೆ ಶೇ. 25ರವರೆಗೆ ಹೆಚ್ಚುವರಿ ಸೀಟುಗಳನ್ನು ವಿದೇಶಿಯರಿಗೆ ಕೊಡಲು 2022ರಲ್ಲಿ ಯುಜಿಸಿ ಅನುಮತಿಸಿತು.

ಇದರ ಜೊತೆಗೆ ಶ್ರೇಯಾಂಕದ ಪೈಪೋಟಿಯೂ ಇದೆ. ಕ್ಯೂಎಸ್ ಜಾಗತಿಕ ಪಟ್ಟಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ಪ್ರಮಾಣಕ್ಕೆ ಶೇ. 5ರಷ್ಟು ಅಂಕವಿದೆ. ನಮ್ಮ ದೇಶದ ಎನ್‌ಐಆರ್‌ಎಫ್ ಪಟ್ಟಿಯಲ್ಲೂ ಹೊರರಾಜ್ಯ, ಹೊರದೇಶದ ವಿದ್ಯಾರ್ಥಿಗಳು ಲೆಕ್ಕಕ್ಕೆ ಬರುತ್ತಾರೆ. ಹಾಗಾಗಿ ಧ್ವಜಗಳ ಸಾಲು ಉದ್ದವಿದ್ದಷ್ಟೂ ಸಂಸ್ಥೆಗೆ ಒಳ್ಳೆಯದು. ಇದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಆದರೆ ಫೋಟೋಕ್ಕೆ ಬೇಕಾದ ವಿದ್ಯಾರ್ಥಿಯು ಉಳಿದ ದಿನಗಳಲ್ಲೂ ಬೇಕಾದವನೇ ಎಂಬುದನ್ನು ಮಾತ್ರ ಕೇಳಲೇಬೇಕು.

ಆದರೆ 2021-22ರ ಹೊತ್ತಿಗೆ ಸಂಖ್ಯೆ ಏರಿರಲಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ ಉನ್ನತ ಶಿಕ್ಷಣ ಸಮೀಕ್ಷೆಯಂತೆ 2019-20ರಲ್ಲಿ ದೇಶದಲ್ಲಿದ್ದ ವಿದೇಶಿ ವಿದ್ಯಾರ್ಥಿಗಳು 49,348. ಆ ವರ್ಷ ಅತಿ ಹೆಚ್ಚು ಮಂದಿ ಇದ್ದುದು ನಮ್ಮ ಕರ್ನಾಟಕದಲ್ಲಿ. 2021-22ರಲ್ಲಿ ದೇಶದ ಒಟ್ಟು ಸಂಖ್ಯೆ 46,878ಕ್ಕೆ ಇಳಿದಿತ್ತು. ಇದಕ್ಕೆ ಕೋವಿಡ್ ಕೂಡ ಒಂದು ಕಾರಣ. ಬಂದವರಲ್ಲಿ ಶೇ. 28ರಷ್ಟು ನೇಪಾಳದವರು. ಇತ್ತ ನಮ್ಮ ದೇಶದಿಂದ ಹೊರಗೆ ಓದಲು ಹೋದವರು 13 ಲಕ್ಷಕ್ಕೂ ಹೆಚ್ಚು ಎಂದು ವಿದೇಶಾಂಗ ಸಚಿವಾಲಯದ 2024ರ ಅಂಕಿಅಂಶ ಹೇಳುತ್ತದೆ. ಅಂದರೆ ನಮ್ಮಲ್ಲಿಗೆ ಬರುವ ಒಬ್ಬರಿಗೆ ಪ್ರತಿಯಾಗಿ ನಮ್ಮಿಂದ ಸುಮಾರು 28 ಮಂದಿ ಹೊರಗೆ ಹೋಗಿದ್ದಾರೆ. ಈ ಲೆಕ್ಕವನ್ನು ನೆನಪಿನಲ್ಲಿಡೋಣ. ಮುಂದೆ ಬೇಕಾಗುತ್ತದೆ.

ವೇದಿಕೆಯ ಮಿತಿ

ಬೇರೆ ಜನಾಂಗದವರನ್ನು ಒಟ್ಟಿಗೆ ಸೇರಿಸಿದರೆ ಪೂರ್ವಗ್ರಹ ಕಡಿಮೆಯಾಗುತ್ತದೆ ಎಂದು ನಾವು ನಂಬುತ್ತೇವೆ. ಇದು ಅರ್ಧ ಸತ್ಯ ಮಾತ್ರ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಪ್ರಕಟಿಸಿದ ಪೂರ್ವಗ್ರಹದ ಕುರಿತ ಗ್ರಂಥದಲ್ಲಿ ಇದನ್ನು ವಿವರಿಸಿದ್ದರು. ಸುಮ್ಮನೆ ಎದುರುಬದುರಾದರೆ ಸಾಲದು. ಇಬ್ಬರೂ ಸಮಾನ ಸ್ಥಾನದಲ್ಲಿರಬೇಕು, ಇಬ್ಬರಿಗೂ ಒಂದೇ ಗುರಿ ಇರಬೇಕು, ಅದಕ್ಕಾಗಿ ಒಟ್ಟಾಗಿ ದುಡಿಯಬೇಕು, ಸಂಸ್ಥೆಯ ಹಿರಿಯರ ಸ್ಪಷ್ಟ ಬೆಂಬಲ ಇರಬೇಕು. ಇವು ಇಲ್ಲದ ಕಡೆ ಬರೀ ಮುಖಪರಿಚಯದಿಂದ ಇದ್ದ ಪೂರ್ವಗ್ರಹ ಗಟ್ಟಿಯಾಗಲೂಬಹುದು.

ಈ ಅಳತೆಗೋಲಿನಿಂದ ನಮ್ಮ ಅಂತಾರಾಷ್ಟ್ರೀಯ ದಿನವನ್ನು ನೋಡೋಣ. ವೇದಿಕೆಯ ಮೇಲಿರುವವರು ಕುಣಿಯುವವರು, ಕೆಳಗಿರುವವರು ನೋಡುವವರು. ಅಲ್ಲಿ ಸಮಾನತೆ ಇಲ್ಲ. ಒಂದು ದೇಶವನ್ನು ಒಂದು ಉಡುಗೆ, ಒಂದು ತಿಂಡಿ, ಐದು ನಿಮಿಷದ ಹಾಡಿಗೆ ಇಳಿಸಿರುತ್ತೇವೆ. ನಮ್ಮನ್ನೇ ಯಾರಾದರೂ ಹಾಗೆ ಇಳಿಸಿದರೆ? ಮಂಗಳೂರಿನಿಂದ ಹೋದ ಹುಡುಗಿಯನ್ನು ‘ಭಾರತದವಳಲ್ಲವೇ, ಸೀರೆ ಉಟ್ಟು ಸಿನಿಮಾ ಹಾಡಿಗೆ ಕುಣಿ’ ಎಂದು ವರ್ಷಕ್ಕೊಮ್ಮೆ ಕರೆದು, ಉಳಿದ ದಿನ ಪಕ್ಕದ ಬೆಂಚಿನಲ್ಲಿ ಯಾರೂ ಕೂರದಿದ್ದರೆ? ಅವಳು ಮನೆಗೆ ಫೋನ್ ಮಾಡಿ ಏನು ಹೇಳಿಯಾಳು?

ಹಾಗೆಂದು ವೇದಿಕೆ ಬೇಡವೆಂದಲ್ಲ. ಹಬ್ಬ ಬೇಕು. ದೂರದ ಊರಿನಲ್ಲಿ ತನ್ನ ನೆಲದ ಹಾಡನ್ನು ಎಲ್ಲರ ಮುಂದೆ ಹಾಡುವ ವಿದ್ಯಾರ್ಥಿಗೆ ಅದರಿಂದ ಗೌರವವೂ ಧೈರ್ಯವೂ ಸಿಗುತ್ತದೆ. ಆದರೆ ಹಬ್ಬವು ಸಂಬಂಧದ ಫಲ. ಸಂಬಂಧ ಬೆಳೆಸುವ ಕೆಲಸ ಬೇರೆಯೇ ಇದೆ.

ಒಂದು ಮಾತಿನಿಂದ ಹುಟ್ಟಿದ ಮನೆ

ಈ ವಿಷಯದಲ್ಲಿ ನ್ಯೂಯಾರ್ಕಿನ ಒಂದು ಹಳೆಯ ಘಟನೆ ತಿಳಿದಿರಬೇಕಾದದ್ದು. 1909ರಲ್ಲಿ ಹ್ಯಾರಿ ಎಡ್ಮಂಡ್ಸ್ ಎಂಬ ವೈಎಂಸಿಎ ಕಾರ್ಯಕರ್ತ ಕೊಲಂಬಿಯಾ ವಿಶ್ವವಿದ್ಯಾನಿಲಯದ ಗ್ರಂಥಾಲಯದ ಮೆಟ್ಟಿಲುಗಳಲ್ಲಿ ಎದುರಾದ ಚೀನಾದ ವಿದ್ಯಾರ್ಥಿಯೊಬ್ಬನಿಗೆ ಶುಭೋದಯ ಹೇಳಿ ಮುಂದೆ ನಡೆದ. ಆ ವಿದ್ಯಾರ್ಥಿ ಹೇಳಿದ ಮಾತು ಆತನನ್ನು ತಡೆದು ನಿಲ್ಲಿಸಿತು. ತಾನು ಈ ನಗರಕ್ಕೆ ಬಂದು ಮೂರು ವಾರವಾಯಿತು, ತನ್ನೊಡನೆ ಮಾತನಾಡಿದ ಮೊದಲ ವ್ಯಕ್ತಿ ನೀವೇ ಎಂದು ಆತ ಹೇಳಿದ್ದ.

ಎಡ್ಮಂಡ್ಸ್ ಅದನ್ನು ಮನೆಗೆ ಹೋಗಿ ಹೆಂಡತಿ ಫ್ಲಾರೆನ್ಸ್‌ಗೆ ಹೇಳಿದ. ಇಬ್ಬರೂ ಸೇರಿ ವಿದೇಶಿ ವಿದ್ಯಾರ್ಥಿಗಳನ್ನು ಮನೆಗೆ ಕರೆಯತೊಡಗಿದರು. ಭಾನುವಾರ ರಾತ್ರಿಯ ಊಟ ಒಂದು ರೂಢಿಯಾಯಿತು. ಬರುವವರು ಹೆಚ್ಚಿ ಮನೆ ಸಾಲದಾಯಿತು. ಕೊನೆಗೆ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಅವರ ನೆರವಿನಿಂದ 1924ರಲ್ಲಿ ನ್ಯೂಯಾರ್ಕಿನಲ್ಲಿ ‘ಇಂಟರ್‌ನ್ಯಾಷನಲ್ ಹೌಸ್’ ತೆರೆಯಿತು. ಸ್ವದೇಶಿ, ವಿದೇಶಿ ವಿದ್ಯಾರ್ಥಿಗಳು ಒಟ್ಟಿಗೆ ವಾಸಿಸುವ, ಒಂದೇ ಊಟದ ಮನೆಯಲ್ಲಿ ಉಣ್ಣುವ ನಿಲಯ ಅದು. ಮುಂದೆ 1930ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, 1932ರಲ್ಲಿ ಶಿಕಾಗೋದಲ್ಲಿ ಇಂತಹವೇ ನಿಲಯಗಳು ಬಂದವು. ಬರ್ಕ್ಲಿಯಲ್ಲಿ ಕೆಲಸ ಸುಲಭವಾಗಿರಲಿಲ್ಲ. ಕರಿಯರು, ಏಷ್ಯಾದವರು ಬಿಳಿಯರೊಡನೆ ಒಂದೇ ಸೂರಿನಡಿ ಇರುವುದಕ್ಕೆ ಊರವರು, ಮುಖ್ಯವಾಗಿ ಮನೆ ಬಾಡಿಗೆಗೆ ಕೊಡುವವರು, ಸಭೆ ಸೇರಿ ವಿರೋಧಿಸಿದ್ದರು. ಆದರೂ ಮನೆ ನಿಂತಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಎಲ್ಲವೂ ಆರಂಭವಾದದ್ದು ಒಂದು ಮಾತಿನಿಂದ, ಬಳಿಕ ಒಂದು ಊಟದಿಂದ. ಸಭಾಂಗಣ, ಧ್ವಜ, ಅತಿಥಿಗಳ ಭಾಷಣ ಯಾವುದೂ ಆಗ ಇರಲಿಲ್ಲ. ಊಟದ ಮೇಜಿನ ಸುತ್ತ ಕುಳಿತವರು ನೋಡುವವರೂ ಅಲ್ಲ, ಕುಣಿಯುವವರೂ ಅಲ್ಲ. ಆಲ್‌ಪೋರ್ಟ್ ಹೇಳಿದ ಸಮಾನತೆ ಅಲ್ಲಿ ತಾನಾಗಿಯೇ ಇತ್ತು.

ಸಂಬಂಧವಿಲ್ಲದ ಕಡೆ ಏನಾಗುತ್ತದೆ?

ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ 2016ರ ಜನವರಿ 31ರ ರಾತ್ರಿ ನಡೆದದ್ದನ್ನು ನಾವು ಮರೆಯಬಾರದು. ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ಮೃತಪಟ್ಟರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿ ಗೆಳೆಯರೊಡನೆ ಬಂದಳು. ಅಪಘಾತಕ್ಕೂ ಅವಳಿಗೂ ಸಂಬಂಧವಿರಲಿಲ್ಲ, ದೇಶವೂ ಬೇರೆ. ಗುಂಪಿಗೆ ಕಂಡದ್ದು ಬಣ್ಣ ಮಾತ್ರ. ಅವಳ ಮೇಲೆ ಹಲ್ಲೆಯಾಯಿತು, ಕಾರಿಗೆ ಬೆಂಕಿ ಬಿತ್ತು. ಸತ್ತ ಮಹಿಳೆಯ ಮನೆಯವರ ದುಃಖ ನಿಜ. ಆದರೆ ಆ ದುಃಖಕ್ಕೆ ದಾರಿಹೋಕಳೊಬ್ಬಳು ತಲೆ ಕೊಡಬೇಕಾಗಿ ಬಂದದ್ದು ನಮ್ಮ ರಾಜ್ಯಕ್ಕೇ ನಾಚಿಕೆ.

2024ರ ಮಾರ್ಚ್ 16ರ ರಾತ್ರಿ ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾನಿಲಯದ ಹಾಸ್ಟೆಲಿನಲ್ಲಿ ರಂಜಾನ್ ನಮಾಜ್ ಮಾಡುತ್ತಿದ್ದ ವಿದೇಶಿ ವಿದ್ಯಾರ್ಥಿಗಳ ಮೇಲೆ ಹೊರಗಿನಿಂದ ನುಗ್ಗಿದ ಗುಂಪು ಹಲ್ಲೆ ನಡೆಸಿತು. ಶ್ರೀಲಂಕಾ ಮತ್ತು ತಜಕಿಸ್ತಾನದ ಇಬ್ಬರು ಆಸ್ಪತ್ರೆ ಸೇರಬೇಕಾಯಿತು. ಬಳಿಕ ವಿದೇಶಿ ವಿದ್ಯಾರ್ಥಿಗಳನ್ನು ಬೇರೆ ಹಾಸ್ಟೆಲಿಗೆ ಸ್ಥಳಾಂತರಿಸಲಾಯಿತು. ಅವರಿಗೆ ಇಲ್ಲಿನ ಸಂಸ್ಕೃತಿಯ ಬಗ್ಗೆ ತಿಳಿವಳಿಕೆ ಕೊಡಬೇಕು ಎಂಬ ಮಾತೂ ಬಂತು. ತಿಳಿವಳಿಕೆ ಬೇಕು ನಿಜ, ಆದರೆ ಪೆಟ್ಟು ತಿಂದವರಿಗೆ ಮಾತ್ರವೇ?

2025ರ ಫೆಬ್ರವರಿಯಲ್ಲಿ ಭುವನೇಶ್ವರದ ಖಾಸಗಿ ವಿಶ್ವವಿದ್ಯಾನಿಲಯವೊಂದರಲ್ಲಿ ನೇಪಾಳದ ವಿದ್ಯಾರ್ಥಿನಿಯೊಬ್ಬಳು ಹಾಸ್ಟೆಲಿನಲ್ಲಿ ಸಾವನ್ನಪ್ಪಿದಳು. ನ್ಯಾಯ ಕೇಳಿ ಪ್ರತಿಭಟಿಸಿದ ನೇಪಾಳದ ವಿದ್ಯಾರ್ಥಿಗಳಿಗೆ ಕ್ಯಾಂಪಸ್ ಬಿಟ್ಟು ಹೋಗುವಂತೆ ಆದೇಶವಾಯಿತು. ಹಲವರನ್ನು ಬಸ್ಸಿನಲ್ಲಿ ಕಟಕ್ ರೈಲು ನಿಲ್ದಾಣಕ್ಕೆ ತಂದು ಬಿಡಲಾಯಿತು. ಎರಡು ದೇಶಗಳ ಸರ್ಕಾರಗಳ ಮಟ್ಟದಲ್ಲಿ ವಿಷಯ ಚರ್ಚೆಯಾದ ಮೇಲೆ ಸಂಸ್ಥೆ ಕ್ಷಮೆ ಕೇಳಿ ಅವರನ್ನು ಹಿಂದಕ್ಕೆ ಕರೆಯಿತು. ನಮ್ಮ ದೇಶಕ್ಕೆ ಬರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಅತಿ ದೊಡ್ಡ ಪಾಲು ನೇಪಾಳದ್ದು ಎಂಬುದನ್ನು ಇಲ್ಲಿ ನೆನೆಯಬೇಕು. ಕಷ್ಟ ಬಂದ ದಿನ ಅವರು ‘ನಮ್ಮ ವಿದ್ಯಾರ್ಥಿಗಳು’ ಆಗಿ ಉಳಿಯಲಿಲ್ಲ, ಒಂದು ದೇಶದ ಗುಂಪಾಗಿಬಿಟ್ಟರು. ಮಗಳನ್ನು ಕಳೆದುಕೊಂಡ ತಂದೆತಾಯಿಗೆ ಆ ಕ್ಷಮೆಯಿಂದ ಏನು ಸಿಕ್ಕಿತು?

ಇನ್ನೊಂದು ಮುಖವನ್ನೂ ಹೇಳಬೇಕು. ವೀಸಾ ಅವಧಿ ಮುಗಿದರೂ ಉಳಿಯುವವರು, ಮಾದಕ ವಸ್ತುವಿನ ಜಾಲಕ್ಕೆ ಬಿದ್ದವರು ವಿದೇಶಿಯರಲ್ಲಿ ಇಲ್ಲವೆಂದಲ್ಲ. ತಪ್ಪು ಮಾಡಿದವರಿಗೆ ಕಾನೂನು ಇದೆ. ಆದರೆ ಕಾನೂನು ವ್ಯಕ್ತಿಯನ್ನು ಹಿಡಿಯುತ್ತದೆ, ದೇಶವನ್ನಲ್ಲ. ನಮ್ಮೂರಿನ ಹುಡುಗನೊಬ್ಬ ಕೊಲ್ಲಿ ದೇಶದಲ್ಲಿ ಸಿಕ್ಕಿಬಿದ್ದರೆ ಅಲ್ಲಿರುವ ಎಲ್ಲ ಕರಾವಳಿಯವರನ್ನೂ ಸಂಶಯದಿಂದ ನೋಡುವುದನ್ನು ನಾವು ಒಪ್ಪುತ್ತೇವೆಯೇ?

ನಮ್ಮ ಊರಿಗೆ ಬಂದವರು, ನಮ್ಮ ಊರಿನಿಂದ ಹೋದವರು

ಅಂತರ್‌ಸಾಂಸ್ಕೃತಿಕ ಬದುಕು ಕರಾವಳಿಗೆ ಹೊರಗಿನ ವಿಷಯವಲ್ಲ. ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿಗೆ ಕಾಲಿಟ್ಟದ್ದು 1878ರ ಡಿಸೆಂಬರ್ 31ರಂದು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಅದರ ಪ್ರಾರ್ಥನಾಲಯದ ಗೋಡೆಗಳಿಗೆ 1899ರಿಂದ ಬಣ್ಣ ತುಂಬಿದ ಅಂತೋನಿಯೊ ಮೊಸ್ಕೇನಿ ಇಟಲಿಯವರು. ಕಂಕನಾಡಿಯಲ್ಲಿ 1880ರಲ್ಲಿ ಔಷಧಾಲಯ ತೆರೆದ ಫಾದರ್ ಮುಲ್ಲರ್ ಜರ್ಮನಿಯವರು. ಅದಕ್ಕೂ ಮೊದಲೇ ಬಂದಿದ್ದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು.

ಇವರಲ್ಲಿ ಮೋಗ್ಲಿಂಗ್, ಕಿಟ್ಟೆಲ್ ಅವರಂತಹವರನ್ನು ನಾವು ಇಂದಿಗೂ ನೆನೆಯುವುದು ಏಕೆ? ಅವರು ನಮ್ಮ ಮಾತನ್ನು ಕಲಿತರು ಎಂಬ ಕಾರಣಕ್ಕೆ. ದಶಕಗಟ್ಟಲೆ ಕುಳಿತು ಪದ ಪದವನ್ನೂ ಕೇಳಿ ಬರೆದುಕೊಂಡರು. ಆ ಕಾಲದಲ್ಲಿ ಆಳುವವರ ಬಣ್ಣ ಅವರದ್ದಾಗಿತ್ತು, ಆದ್ದರಿಂದ ಅವರಿಗೆ ಮನೆ ಸಿಗಲು ಕಷ್ಟವಾಗಿರಲಿಕ್ಕಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳೋಣ. ಇಂದು ಬರುವ ವಿದ್ಯಾರ್ಥಿಗೆ ಆ ಅನುಕೂಲವಿಲ್ಲ.

ಇಂದಿನ ಚಿತ್ರಣವನ್ನು ನೋಡಿ. 1997ರಲ್ಲಿ ಆರಂಭವಾದ ಮೆಲಕ ಮಣಿಪಾಲ ವೈದ್ಯಕೀಯ ಕಾಲೇಜಿನ ಏರ್ಪಾಡಿನಿಂದ ಹಲವು ವರ್ಷ ಮಲೇಷ್ಯಾದ ವಿದ್ಯಾರ್ಥಿಗಳು ತಮ್ಮ ವೈದ್ಯಕೀಯ ಓದಿನ ಮೊದಲ ಭಾಗವನ್ನು ಮಣಿಪಾಲದಲ್ಲಿ ಮುಗಿಸಿದರು. 2021ರ ಆಗಸ್ಟಿನಲ್ಲಿ ಕಾಬೂಲ್ ತಾಲಿಬಾನ್ ವಶವಾದಾಗ ಮಂಗಳೂರು ವಿಶ್ವವಿದ್ಯಾನಿಲಯದಲ್ಲೂ ಅಫ್ಘಾನಿಸ್ತಾನದ ವಿದ್ಯಾರ್ಥಿಗಳಿದ್ದರು. ಊರಿಗೆ ಹೋಗುವಂತಿಲ್ಲ, ಮನೆಯವರ ಸುದ್ದಿಗಾಗಿ ಫೋನ್ ಹಿಡಿದು ಕಾಯುವ ದಿನಗಳು. ಅಂತಹ ಹೊತ್ತಿನಲ್ಲಿ ವಿದ್ಯಾರ್ಥಿಗೆ ಬೇಕಾಗುವುದು ಪಕ್ಕದಲ್ಲಿ ಕೂರುವ ಒಬ್ಬ ಗೆಳೆಯ.

ಈಗ ಆ 28ರ ಲೆಕ್ಕಕ್ಕೆ ಬರೋಣ. ನಮ್ಮ ಧರ್ಮಕೇಂದ್ರಗಳಲ್ಲಿ ಮಕ್ಕಳು ಹೊರದೇಶದಲ್ಲಿರುವ ಮನೆಗಳು ಎಷ್ಟಿಲ್ಲ? 2009ರಲ್ಲಿ ಮೆಲ್ಬರ್ನಿನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಸಾಲುಸಾಲು ಹಲ್ಲೆಗಳಾದಾಗ ಇಡೀ ದೇಶ ಸಿಟ್ಟಾಗಿತ್ತು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಬಲಿಯಾದಾಗ ಕರ್ನಾಟಕವೇ ಮರುಗಿತು. ಅಂದು ಗಡಿ ದಾಟಿ ಬಂದ ನಮ್ಮ ಮಕ್ಕಳಿಗೆ ಪೋಲೆಂಡ್, ರುಮೇನಿಯಾಗಳಲ್ಲಿ ಅಪರಿಚಿತರು ಊಟ, ಹೊದಿಕೆ, ಮಲಗಲು ಜಾಗ ಕೊಟ್ಟರು. ನಮ್ಮ ಮಕ್ಕಳ ವಿಷಯದಲ್ಲಿ ನಾವು ಜಗತ್ತಿನಿಂದ ಬಯಸುವುದನ್ನು ಜಗತ್ತಿನ ಮಕ್ಕಳಿಗೆ ನಾವು ಕೊಡುತ್ತಿದ್ದೇವೆಯೇ?

ನಾವೇನು ಮಾಡಬಹುದು?

ಮೊದಲನೆಯದು ವಿಶ್ವವಿದ್ಯಾನಿಲಯಗಳಿಗೆ. ಅಂತಾರಾಷ್ಟ್ರೀಯ ದಿನ ನಡೆಯಲಿ. ಆದರೆ ಅದನ್ನು ವಿದೇಶಿಯರ ಪ್ರದರ್ಶನವಾಗಿಸದೆ, ಸ್ಥಳೀಯ ಮತ್ತು ವಿದೇಶಿ ವಿದ್ಯಾರ್ಥಿಗಳು ಬೆರೆತ ತಂಡಗಳೇ ಅಡುಗೆಯಿಂದ ನಾಟಕದವರೆಗೆ ಎಲ್ಲವನ್ನೂ ಮಾಡಲಿ. ಹಾಸ್ಟೆಲಿನಲ್ಲಿ ವಿದೇಶಿಯರಿಗೆಂದೇ ಒಂದು ಕಟ್ಟಡ ಬೇರೆ ಇಡುವುದಕ್ಕಿಂತ ಕೋಣೆಗಳನ್ನು ಹಂಚಿಕೊಳ್ಳುವಂತಾಗಲಿ. ಹೊಸಬರಿಗೆ ಮೊದಲ ತಿಂಗಳಲ್ಲೇ ನಿತ್ಯದ ಕನ್ನಡ ಕಲಿಸಲಿ. ಬಸ್ಸಿನ ಕಂಡಕ್ಟರ್, ಮೀನು ಮಾರುವ ಹೆಂಗಸು, ಔಷಧಿ ಅಂಗಡಿಯವರೊಡನೆ ಮಾತನಾಡುವಷ್ಟು ಬಂದರೂ ಅರ್ಧ ಭಯ ಹೋಗುತ್ತದೆ, ಎರಡೂ ಕಡೆಯ ಭಯ.

ಎರಡನೆಯದು ಮನೆ ಇರುವವರಿಗೆ. ‘ಪೊಲೀಸ್ ಕಿರಿಕಿರಿ’ ಎಂದು ಹೆದರುವವರು ಬಹಳ. ವಿದೇಶಿಯರಿಗೆ ಮನೆ ಕೊಟ್ಟವರು ಅವರು ಬಂದ 24 ಗಂಟೆಯೊಳಗೆ ವಲಸೆ ನೋಂದಣಿ ಅಧಿಕಾರಿಗೆ ಆನ್‌ಲೈನ್ ಮೂಲಕ ಮಾಹಿತಿ ಕೊಡಬೇಕು. ಬಹಳ ಕಾಲ ‘ಸಿ ಫಾರಂ’ ಎಂದೇ ಪರಿಚಿತವಾಗಿದ್ದ ಕೆಲಸ ಇದು. ಪಾಸ್‌ಪೋರ್ಟ್, ವೀಸಾ ವಿವರ ತುಂಬಿದರೆ ಮುಗಿಯಿತು. ಬರದವರಿಗೆ ವಾರ್ಡಿನ ಯುವಕನೊಬ್ಬ ಹತ್ತು ನಿಮಿಷ ಕುಳಿತು ಸಹಾಯ ಮಾಡಬಹುದು. ನಿಯಮಿತವಾಗಿ ಬಾಡಿಗೆ ಕೊಡುವ, ಕಾಲೇಜಿನ ದಾಖಲೆ ಇರುವ ವಿದ್ಯಾರ್ಥಿಯನ್ನು ಬಣ್ಣ ನೋಡಿ ಹಿಂದಕ್ಕೆ ಕಳುಹಿಸಲು ಬೇರೆ ಕಾರಣ ಉಳಿಯುವುದಿಲ್ಲ.

ಮೂರನೆಯದು ನಮ್ಮ ಧರ್ಮಕೇಂದ್ರಗಳಿಗೆ. ಪರಸ್ಥಳದವರನ್ನು ಸ್ವಾಗತಿಸಿ, ರಕ್ಷಿಸಿ, ಬೆಳೆಸಿ, ಸಮಾಜದೊಳಗೆ ಸೇರಿಸಿಕೊಳ್ಳಬೇಕೆಂದು ಪೋಪ್ ಫ್ರಾನ್ಸಿಸ್ ಅವರು 2018ರ ವಲಸಿಗರ ಮತ್ತು ನಿರಾಶ್ರಿತರ ದಿನದ ಸಂದೇಶದಲ್ಲಿ ಕೇಳಿಕೊಂಡಿದ್ದರು. ಈ ನಾಲ್ಕು ಕೆಲಸಗಳಿಗೆ ದೊಡ್ಡ ಯೋಜನೆ ಬೇಕಿಲ್ಲ. ಭಾನುವಾರದ ಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುವ ವಿದೇಶಿ ವಿದ್ಯಾರ್ಥಿಯನ್ನು ಪೂಜೆ ಮುಗಿದ ಮೇಲೆ ಮಾತನಾಡಿಸಿ. ಗಾಯನ ಮಂಡಳಿಗೆ ಕರೆಯಿರಿ. ಮೊಂತಿ ಹಬ್ಬದ ಹೊಸಕ್ಕಿ ಊಟಕ್ಕೆ, ಕ್ರಿಸ್ಮಸ್ ರಾತ್ರಿಗೆ, ನಿಮ್ಮ ಮಕ್ಕಳ ಖಾಲಿ ಕುರ್ಚಿಯಲ್ಲಿ ಒಬ್ಬರನ್ನು ಕೂರಿಸಿ. ಆತ ಯಾವ ಧರ್ಮದವನೆಂದು ಮೊದಲು ಕೇಳಬೇಕಾಗಿಲ್ಲ. ಮಮ್ರೆಯ ಮರದ ಬಳಿ ಬಂದ ಮೂವರು ಅಪರಿಚಿತರಿಗೆ ಊಟ ಬಡಿಸುವ ಮುನ್ನ ಅಬ್ರಹಾಮನೂ ಅದನ್ನು ಕೇಳಿರಲಿಲ್ಲ.

ಡೋಲು ಬಾರಿಸಿದ ಆ ವಿದ್ಯಾರ್ಥಿಗೆ ಕೊನೆಗೆ ತನ್ನ ದೇಶದ ಹಿರಿಯ ವಿದ್ಯಾರ್ಥಿಯೊಬ್ಬನ ಕೋಣೆಯಲ್ಲೇ, ಕಾಲೇಜಿನಿಂದ ಬಹಳ ದೂರದಲ್ಲಿ, ಮೂರನೆಯವನಾಗಿ ಜಾಗ ಸಿಕ್ಕಿತೆಂದು ನಂತರ ತಿಳಿಯಿತು. ಓದು ಮುಗಿಸಿ ಊರಿಗೆ ಹೋಗಿರಬಹುದು. ನಮ್ಮ ಊರಿನ ಬಗ್ಗೆ ಅಲ್ಲಿ ಏನು ಹೇಳುತ್ತಿದ್ದಾನೋ! ಅವನ ದೇಶದ ಧ್ವಜದ ಬಣ್ಣಗಳು ನನಗೆ ಇಂದಿಗೂ ನೆನಪಿವೆ. ಹೆಸರು ಮಾತ್ರ ನೆನಪಿಲ್ಲ. ಅಂದು ನಾನು ಕೇಳಿಯೇ ಇರಲಿಲ್ಲ.

ಪ್ರಿಯ ಓದುಗರೇ, ಮುಂದಿನ ಸಲ ಅಂತಹ ಒಬ್ಬರು ಎದುರಾದರೆ ದೇಶ ಯಾವುದೆಂದು ಕೇಳುವ ಮುಂಚೆ ಹೆಸರು ಕೇಳಿ. ಊಟವಾಯಿತೇ ಎಂದು ಕೇಳಿ. ಉಳಿದದ್ದು ಅಲ್ಲಿಂದ ಆರಂಭವಾಗುತ್ತದೆ.